ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ: ಅಮ್ಮನ ಜೊತೆ ಒಂದೇ ದಿನ, ಹೇಗೆ ನೋಡೋದು?

ತುಂಗಭದ್ರೆ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮುಂದಿನ ತಿಂಗಳು ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸಿಗೋದು ಒಂದೇ ದಿನ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿಯುತ್ತೇವೆ, ಅವತ್ತು ರಾತ್ರಿಯೇ ವಾಪಸ್.

ಅಮ್ಮನಿಗೆ 68 ವರ್ಷ. ಮಂಡಿನೋವು ಇದೆ. ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮಾತ್ರ ಆಗಲ್ಲ. ಅರಮನೆ ಬೇಡವಂತೆ, ಬೆಟ್ಟವೂ ಬೇಡವಂತೆ. "ಅವೆಲ್ಲ ನೋಡಿದ್ದೀನಿ ಬಿಡೇ" ಅಂತಾರೆ. ಅವರಿಗೆ ಬೇಕಾಗಿರೋದು ಮಾರ್ಕೆಟ್. ಮದುವೆಯಾದ ಹೊಸದರಲ್ಲಿ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಒಂದು ಗಡಿಯಾರ ಗೋಪುರದ ಹತ್ತಿರ ಇವರನ್ನು ನಿಲ್ಲಿಸಿ, ತಾವು ಹೋಗಿ ಒಂದು ಮಾರು ಮಲ್ಲಿಗೆ ತಂದುಕೊಟ್ಟಿದ್ದರಂತೆ. "ಗಡಿಯಾರದಲ್ಲಿ ಕನ್ನಡ ಅಂಕಿ ಇತ್ತು. ಅದನ್ನೇ ನೋಡ್ತಾ ನಿಂತಿದ್ದೆ" ಅಂತ ಈಗಲೂ ಹೇಳುತ್ತಾರೆ.

ಆ ಗಡಿಯಾರ ಯಾವುದು? ಮಾರುಕಟ್ಟೆ ಈಗಲೂ ಹಾಗೇ ಇದೆಯಾ? ಗೋಡೆ ಬಿದ್ದಿದೆ ಅಂತ ಓದಿದ ನೆನಪು. ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಶಿವರಾಂಪೇಟೆ ಹುಡುಗ:

ಅಕ್ಕಾ, ಖಂಡಿತ ಕರೆದುಕೊಂಡು ಬನ್ನಿ. ನಾನು ಆ ಮಾರುಕಟ್ಟೆಗೆ ಕೂಗಳತೆ ದೂರದಲ್ಲಿ ಬೆಳೆದವನು. ಒಂದೇ ಒಂದು ಮಾತು ಹೇಳ್ತೀನಿ. ದೇವರಾಜ ಮಾರುಕಟ್ಟೆಯನ್ನು ನೋಡೋಕೆ ಅಂತ ಹೋಗಬೇಡಿ. ಸಾಮಾನು ತರೋಕೆ ಹೋಗಿ. ಅಮ್ಮನ ಕೈಲಿ ಒಂದು ಚೀಟಿ ಬರೆಸಿ. ಐದೇ ಐದು ಸಾಮಾನು ಸಾಕು.

ಯಾಕೆ ಅಂದರೆ, ಸುಮ್ನೆ ನೋಡೋಕೆ ಬಂದವರು ಕುಂಕುಮದ ಗುಡ್ಡೆ ಮುಂದೆ ನಿಂತು ಫೋಟೊ ತೆಗೆದು ಹತ್ತು ನಿಮಿಷಕ್ಕೆ ಹೊರಗೆ ಬಂದುಬಿಡ್ತಾರೆ. ಚೀಟಿ ಹಿಡಿದು ಬಂದವರಿಗೆ ಮಾರುಕಟ್ಟೆ ತಾನೇ ದಾರಿ ತೋರಿಸುತ್ತೆ. ಎಲೆ ಅಂಗಡಿಯವರು ಅಡಿಕೆ ಅಂಗಡಿ ಹೇಳ್ತಾರೆ, ಅಡಿಕೆಯವರು ಬಾಳೆಹಣ್ಣಿನ ಸಾಲು ಹೇಳ್ತಾರೆ. ನಮ್ಮಜ್ಜಿ ವಾರಕ್ಕೊಮ್ಮೆ ನನ್ನ ಕೈ ಹಿಡಿದು ಹೀಗೇ ಸುತ್ತಿಸ್ತಿದ್ದರು. ಎಲ್ಲೂ ಬೋರ್ಡ್ ಓದಿದ ನೆನಪಿಲ್ಲ. ಮೂಗೇ ದಾರಿ. ಮಲ್ಲಿಗೆ ವಾಸನೆ ಕಮ್ಮಿಯಾಗಿ ಕೊತ್ತಂಬರಿ ಸೊಪ್ಪಿನ ವಾಸನೆ ಬಂತು ಅಂದರೆ ತರಕಾರಿ ಸಾಲಿಗೆ ಬಂದೆವು ಅಂತ ಅರ್ಥ.

ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿಬಿಡಿ. ಆಗ ಹೂವು ತಾಜಾ ಇರುತ್ತೆ, ಜನ ಕಮ್ಮಿ, ಬಿಸಿಲೂ ಏರಿರಲ್ಲ. ಒಳಗೆ ಮೆಟ್ಟಿಲಿನ ಕಾಟ ಅಷ್ಟಿಲ್ಲ. ಆದರೆ ಹೂವಿಗೆ, ಸೊಪ್ಪಿಗೆ ನೀರು ಚಿಮುಕಿಸ್ತಾನೇ ಇರ್ತಾರೆ, ನೆಲ ಒದ್ದೆ. ಅಮ್ಮನಿಗೆ ಜಾರದ ಚಪ್ಪಲಿ ಹಾಕಿಸಿ. ನೀವು ಅವರ ಎಡಗೈ ಹಿಡಿದುಕೊಳ್ಳಿ, ಬಲಗೈ ಸಾಮಾನು ಮುಟ್ಟಿ ನೋಡೋಕೆ ಬೇಕಾಗುತ್ತೆ.

ಗಡಿಯಾರದ ವಿಷಯ. ಮಾರುಕಟ್ಟೆ ಬಾಗಿಲ ಹತ್ತಿರವೇ ಇರೋದು ಚಿಕ್ಕ ಗಡಿಯಾರ. ಹೂವು ಒಳಗಿಂದ ತಂದುಕೊಟ್ಟರು ಅಂದರೆ ಅದೇ ಇರಬೇಕು.

ವೀಳ್ಯದೆಲೆ:

ಶಿವರಾಂಪೇಟೆ ಸರ್, ಕನ್ನಡ ಅಂಕಿ ಅಂದಿದ್ದಾರಲ್ಲ, ಅದು ದೊಡ್ಡ ಗಡಿಯಾರ. ಪುರಭವನದ ಹತ್ತಿರ ಇರೋದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. 75 ಅಡಿ ಎತ್ತರ. ಅರಮನೆಯ ನೌಕರರು ದುಡ್ಡು ಹಾಕಿ ಕಟ್ಟಿಸಿದರು ಅಂತ ನಮ್ಮ ತಂದೆ ಹೇಳ್ತಿದ್ದರು. ಮೊದಲು ಅದರ ಗಂಟೆ ಊರಿಗೆಲ್ಲ ಕೇಳಿಸ್ತಿತ್ತಂತೆ. ಹೊಡೆತಕ್ಕೆ ಗೋಪುರವೇ ಅದುರುತ್ತೆ ಅಂತ ನಿಲ್ಲಿಸಿದರು.

ಚಿಕ್ಕ ಗಡಿಯಾರ ಅದಕ್ಕಿಂತ ಹಳೇದು. ವೈಸರಾಯ್ ಡಫರಿನ್ ಬಂದ ನೆನಪಿಗೆ 1886ರಲ್ಲಿ ಆಗಿದ್ದು. ಇವೆರಡರ ಮಧ್ಯೆ ನಿಧಾನಕ್ಕೆ ನಡೆದರೆ ಹತ್ತು ಹದಿನೈದು ನಿಮಿಷ. ಅಮ್ಮನಿಗೆ ಎರಡನ್ನೂ ತೋರಿಸಿ, ಅವರೇ ಹೇಳಲಿ.

ಚೀಟಿಯಲ್ಲಿ ಎಲೆ ಬರೆಯೋದು ಮರೀಬೇಡಿ! ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತು (ಜಿಐ, ಅಂದರೆ ಇದು ಈ ಸೀಮೆಯದ್ದೇ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ. ಮೂರೂ ಅದೇ ಮಾರುಕಟ್ಟೆಯಲ್ಲಿ ಸಿಗುತ್ತೆ. ಎಲೆಯನ್ನು ಕಟ್ಟು ಬಿಚ್ಚಿಸಿ ನೋಡಿ. ಒಳ್ಳೆ ಎಲೆ ತೆಳು, ಮೆತ್ತಗೆ ಇರುತ್ತೆ, ಬಾಯಿಗೆ ಹಾಕಿದರೆ ನಾರು ಉಳಿಯಲ್ಲ. ಕಟ್ಟಿನ ಮೇಲಿನ ಎಲೆ ಎಲ್ಲ ಕಡೆಯೂ ಚೆನ್ನಾಗೇ ಇರುತ್ತೆ. ಮಧ್ಯದ್ದನ್ನು ನೋಡಬೇಕು.

ನೂಲಿನ ಎಳೆ:

ವೃತ್ತದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನನಗೆ ಮಾರುಕಟ್ಟೆಗಿಂತ ಅದೇ ಇಷ್ಟ. ಮಧ್ಯದಲ್ಲಿ ಮಂಟಪದ ಕೆಳಗೆ ಬಿಳಿ ಕಲ್ಲಿನಲ್ಲಿ ನಾಲ್ವಡಿಯವರು ನಿಂತಿದ್ದಾರೆ, ಮೇಲೆ ಚಿನ್ನದ ಬಣ್ಣದ ಗುಮ್ಮಟ. ಜಾಸ್ತಿ ಜನ ಇದನ್ನೂ ಚಾಮರಾಜ ವೃತ್ತವನ್ನೂ ಒಂದೇ ಅಂದುಕೊಳ್ತಾರೆ. ಅರಮನೆ ಉತ್ತರ ಬಾಗಿಲ ಹತ್ತಿರ ಇರೋದು ಚಾಮರಾಜ ವೃತ್ತ, ಅಲ್ಲಿರೋದು ನಾಲ್ವಡಿಯವರ ತಂದೆ ಹತ್ತನೇ ಚಾಮರಾಜೇಂದ್ರ ಒಡೆಯರು. ಇನ್ನೂ ಸ್ವಲ್ಪ ಪೂರ್ವಕ್ಕೆ ಹೋದರೆ ಜಯಚಾಮರಾಜ ವೃತ್ತ. ಅವರು ನಾಲ್ವಡಿಯವರ ತಮ್ಮನ ಮಗ, ಕೊನೆಯ ಮಹಾರಾಜರು. ಮೂರು ತಲೆಮಾರು ಹೀಗೆ ಅರಮನೆ ಸುತ್ತಲೇ ನಿಂತುಬಿಟ್ಟಿದೆ.

ಕೆ.ಆರ್. ವೃತ್ತದಿಂದ ಉತ್ತರಕ್ಕೆ ಸಯ್ಯಾಜಿರಾವ್ ರಸ್ತೆ, ಬರೋಡದ ಮಹಾರಾಜರ ಹೆಸರು. ಇನ್ನೊಂದು ಕಡೆ ದೇವರಾಜ ಅರಸು ರಸ್ತೆ, ಅದು ಪೂರ್ತಿ ಬಟ್ಟೆ, ಚಪ್ಪಲಿ, ಚಿನ್ನದ ಅಂಗಡಿ. ಯುವಕರು ಸಂಜೆ ಅಲ್ಲಿಗೆ ಹೋಗ್ತಾರೆ. ಅಮ್ಮನಿಗೆ ಅದು ಬೇಡ ಅನಿಸುತ್ತೆ.

ರೇಷ್ಮೆ ಸೀರೆ ತಗೊಳ್ಳೋ ಆಸೆ ಇದ್ದರೆ ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮದ ಮಳಿಗೆಗೇ ಹೋಗಿ. ಅವರ ನೇಯ್ಗೆ ಕಾರ್ಖಾನೆ 1912ರದ್ದು. ಪ್ರತಿ ಸೀರೆಗೂ ಅದರದ್ದೇ ಆದ ಸಂಖ್ಯೆ ಇರುತ್ತೆ, ಸೆರಗು ಬಿಚ್ಚಿಸಿ ಕೇಳಿ ನೋಡಿಕೊಳ್ಳಿ. ನಾನು ಮದುವೆಗೆ ತಗೊಂಡ ಸೀರೆಯನ್ನು ಈಗ ಮಗಳು ಉಡ್ತಿದ್ದಾಳೆ. ಮೈಮೇಲೆ ನೀರಿನ ಹಾಗೆ ಇಳಿಯುತ್ತೆ. ದುಬಾರಿ ನಿಜ. ಆದರೆ ಅರ್ಧ ಬೆಲೆಗೆ "ಅದೇ ಮೈಸೂರು ಸಿಲ್ಕ್" ಅಂತ ಯಾರಾದರೂ ಕೊಟ್ಟರೆ ಅದು ಅದಲ್ಲ.

ಒಂದ್ಸಲ ಮೋಸ ಹೋದವನು:

ಒಂದು ಎಚ್ಚರಿಕೆ ಹೇಳಬೇಕು. ಮಾರ್ಕೆಟ್ ಬಾಗಿಲಲ್ಲಿ ಒಬ್ಬರು ತುಂಬ ವಿಶ್ವಾಸದಿಂದ ಮಾತಾಡಿಸಿದರು. "ಎಲ್ಲಿಂದ ಬಂದಿರಿ ಸರ್, ಇಲ್ಲೇ ಪಕ್ಕದಲ್ಲಿ ಅಗರಬತ್ತಿ ಹೊಸೆಯೋದು ತೋರಿಸ್ತೀನಿ, ದುಡ್ಡು ಏನೂ ಬೇಡ" ಅಂದರು. ಹೋದೆವು. ಒಬ್ಬರು ಕೂತು ನಾಲ್ಕು ಕಡ್ಡಿ ಹೊಸೆದು ತೋರಿಸಿದರು. ಆಮೇಲೆ ಒಂದೊಂದೇ ಸೀಸೆ ಬಂತು. ಮಲ್ಲಿಗೆ, ತಾವರೆ, ಶ್ರೀಗಂಧ. ಕೈಗೆ ಹಚ್ಚಿದರು, ಟೀ ಕೊಟ್ಟರು. ಏನೂ ತಗೊಳ್ಳದೆ ಏಳೋಕೆ ಮನಸ್ಸಾಗಲಿಲ್ಲ. ಅಪ್ಪಟ ಗಂಧದ ಎಣ್ಣೆ ಅಂತ ಎರಡು ಸಣ್ಣ ಸೀಸೆ ತಂದೆವು. ಊರಿಗೆ ಬರೋ ಹೊತ್ತಿಗೆ ಕೈಮೇಲೆ ಬರೀ ಜಿಡ್ಡು, ವಾಸನೆ ಹೋಗಿತ್ತು.

ನಿಜವಾದ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷಗಟ್ಟಲೆ ಬೆಲೆ. ಅದು ಇನ್ನೂರು ಮುನ್ನೂರು ರೂಪಾಯಿಗೆ ಸೀಸೆ ತುಂಬ ಬರೋಕೆ ಸಾಧ್ಯವೇ ಇಲ್ಲ. ಮೈಸೂರಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ 1916ರಿಂದ ಇದೆ. ಗಂಧದ ಸಾಮಾನು ಬೇಕಿದ್ದರೆ ಸರ್ಕಾರಿ ಮಳಿಗೆಯಲ್ಲಿ ತಗೊಳ್ಳಿ. ಸಯ್ಯಾಜಿರಾವ್ ರಸ್ತೆಯಲ್ಲೇ ಕಾವೇರಿ ಕರಕುಶಲ ಮಳಿಗೆ ಇದೆ.

ಮಾರುಕಟ್ಟೆಯ ಒಳಗೆ ಕೂತು ವ್ಯಾಪಾರ ಮಾಡೋರು ಹೀಗಲ್ಲ, ಅದನ್ನೂ ಹೇಳಲೇಬೇಕು. ಅವರು ಎದ್ದು ಬಂದು ಯಾರನ್ನೂ ಕರೆದುಕೊಂಡು ಹೋಗಲ್ಲ. ಅವರಿಗೆ ಅಂಗಡಿ ಬಿಡೋಕೆ ಪುರುಸೊತ್ತೇ ಇರಲ್ಲ.

ಶಿವರಾಂಪೇಟೆ ಹುಡುಗ:

ಇದು ನಮ್ಮೂರಿಗೆ ಬೇಜಾರಿನ ವಿಷಯ ಸರ್. ಇದಕ್ಕೂ ಚೀಟಿಯೇ ಮದ್ದು. "ಎಲೆ ತರೋಕೆ ಬಂದಿದ್ದೀವಿ ಅಣ್ಣ" ಅಂತ ಕನ್ನಡದಲ್ಲಿ ಹೇಳಿ ನಡೀತಾ ಇರಿ. ಮತ್ತೆ ಯಾರೂ ಹಿಂದೆ ಬರಲ್ಲ.

ಕುಂಕುಮದ ಬಗ್ಗೆ ಒಂದು ಮಾತು. ಗುಡ್ಡೆ ಹಾಕಿರೋ ಬಣ್ಣಗಳಲ್ಲಿ ನೀಲಿ, ನೇರಳೆ, ಹಸಿರು, ಕಣ್ಣು ಕುಕ್ಕೋ ಗುಲಾಬಿ ಎಲ್ಲ ರಂಗೋಲಿಗೆ. ಹಣೆಗಲ್ಲ. ಅಮ್ಮನಿಗೆ ಬೇಕಿದ್ದರೆ "ಅರಿಶಿನದಲ್ಲಿ ಮಾಡಿದ ಕುಂಕುಮ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗೋದನ್ನು ನಾವೆಲ್ಲ ಆರತಿ ತಟ್ಟೆಯಲ್ಲಿ ನೋಡಿದ್ದೀವಲ್ಲ, ಹೆಚ್ಚು ಕಮ್ಮಿ ಅದೇ ಗುಣ. ಆ ಕುಂಕುಮದ ಕೆಂಪು ಸ್ವಲ್ಪ ಮಂಕಾಗಿರುತ್ತೆ. ಆ ಪುಟ್ಟ ಗುಡ್ಡೆ ಹಿಂದಿನ ಸಾಲಲ್ಲಿ ಇರುತ್ತೆ, ಫೋಟೊದಲ್ಲಿ ಬರಲ್ಲ.

ಗಾರೆ ಕೆಲಸ:

ಗೋಡೆ ಬಿದ್ದಿದ್ದರ ಬಗ್ಗೆ ಕೇಳಿದ್ದೀರಿ. ಹೌದು, 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ವೃತ್ತದ ಇನ್ನೊಂದು ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಸತ್ತರು. ಅಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ನನ್ನ ಇಂಜಿನಿಯರಿಂಗ್ ಪುಸ್ತಕ ಅರ್ಧ ಅಲ್ಲೇ ತಗೊಂಡಿದ್ದು. ಎರಡೂ 19ನೇ ಶತಮಾನದ ಕೊನೆಯ ಕಟ್ಟಡಗಳು. ಇಟ್ಟಿಗೆ, ಸುಣ್ಣದ ಗಾರೆ.

ನಾನು ಹಳೇ ಕಟ್ಟಡ ದುರಸ್ತಿ ಮಾಡೋನು. ಸುಣ್ಣದ ಗೋಡೆಗೆ ನೀರು ಸೇರಿದರೆ ಅದು ನಿಧಾನಕ್ಕೆ ಹೊರಗೂ ಹೋಗಬೇಕು, ಆಗ ಗೋಡೆ ಉಳಿಯುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಗಾರೆ ಪುಡಿಯಾಗುತ್ತೆ. ಮೇಲಿಂದ ಅರಳಿ ಗಿಡ ಬೇರು ಬಿಡುತ್ತೆ. ಮಳೆಗಾಲದಲ್ಲಿ ತಾರಸಿ ಸೋರುತ್ತೆ, ಯಾರೂ ನೋಡಲ್ಲ. ಆಗಸ್ಟ್‌ನಲ್ಲೇ ಬಿದ್ದಿದ್ದು ಸುಮ್ನೆ ಅಲ್ಲ ಅಂತ ನನಗೆ ಅನಿಸುತ್ತೆ. ಕೆಡವಬೇಕೋ ಉಳಿಸಬೇಕೋ ಅನ್ನೋ ವಾದ ಹೈಕೋರ್ಟ್‌ವರೆಗೂ ಹೋಯಿತು. ನನ್ನ ಮನಸ್ಸಿದು: ಉಳಿಸಬಹುದಾದ ಗೋಡೆ ಇನ್ನೂ ತುಂಬ ಇದೆ. ಕೆಲಸ ಗೊತ್ತಿರೋ ಗಾರೆಯವರು ಬೇಕು, ವರ್ಷಾ ವರ್ಷ ನೋಡಿಕೊಳ್ಳಬೇಕು.

ನಿಮ್ಮ ಮಟ್ಟಿಗೆ ಹೇಳೋದಾದರೆ, ಧನ್ವಂತರಿ ರಸ್ತೆ ಕಡೆ ಬಿಟ್ಟು ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ. ಜೋರು ಮಳೆ ಬಂದ ದಿನ ಹೋಗಬೇಡಿ. ಗೋಡೆಗೆ ಒರಗಿ ನಿಲ್ಲಬೇಡಿ.

ತಾತನ ತಕ್ಕಡಿ:

ಗಾರೆ ಕೆಲಸ ಸರ್, ನಿಮ್ಮ ಮಾತು ಒಪ್ಪುತ್ತೀನಿ, ಆದರೆ ಪೂರ್ತಿ ಅಲ್ಲ. ನಮ್ಮ ತಾತ, ಆಮೇಲೆ ಚಿಕ್ಕಪ್ಪ ಒಳಗೆ ವ್ಯಾಪಾರ ಮಾಡಿದವರು. ಹೊರಗಿನವರಿಗೆ ಅದು ಪಾರಂಪರಿಕ ಕಟ್ಟಡ. ನಮಗೆ ದಿನಾ ಬೆಳಿಗ್ಗೆ ಬಾಗಿಲು ತೆಗೆಯೋ ಜಾಗ. ತಲೆ ಮೇಲಿಂದ ಗಾರೆ ಉದುರುತ್ತಿದ್ದರೆ ಅದರ ಕೆಳಗೆ ಹತ್ತು ಗಂಟೆ ಕೂರೋದು ಹೇಗಿರುತ್ತೆ ಅಂತ ಕೂತವರಿಗೇ ಗೊತ್ತು. ಮಳೆ ಜೋರಾದ ರಾತ್ರಿ ಚಿಕ್ಕಪ್ಪ ನಿದ್ದೆ ಮಾಡ್ತಿರಲಿಲ್ಲ.

ಹಾಗಂತ ಕೆಡವಿ ಮಾಲ್ ಥರ ಕಟ್ಟಿದರೂ ನಮಗೆ ಬೇಡ. ಮೇಲಿನ ಮಹಡಿಗೆ ಹೋಗಿ ಯಾರು ಸೊಪ್ಪು ತಗೊಳ್ತಾರೆ? ನೆಲದ ಮೇಲೆ, ಒಂದರ ಪಕ್ಕ ಒಂದು, ಹೂವಿಂದ ಹಣ್ಣಿಗೆ ಹಣ್ಣಿಂದ ಎಲೆಗೆ ನಡೆದುಕೊಂಡು ಹೋಗೋ ಹಾಗೆ ಇರೋದರಿಂದಲೇ ವ್ಯಾಪಾರ ಆಗೋದು. ಉಳಿಸೋದಾದರೆ ಆ ಸಾಲುಗಳನ್ನು ಉಳಿಸಬೇಕು. ಗೋಡೆ ಗಟ್ಟಿ ಮಾಡಿ ಅಂಗಡಿಯವರನ್ನು ಎಬ್ಬಿಸಿದರೆ ಏನು ಬಂತು?

ಗಾರೆ ಕೆಲಸ:

ನೀವು ಹೇಳಿದ್ದು ಸರಿ. ಸಾಲು ಉಳಿಯಬೇಕು ಅನ್ನೋದನ್ನು ನಾನು ಯೋಚನೆ ಮಾಡಿರಲಿಲ್ಲ. ಒಂದೊಂದೇ ಭಾಗ ಖಾಲಿ ಮಾಡಿಸಿ, ಅದು ಮುಗಿದ ಮೇಲೆ ಅದೇ ಅಂಗಡಿಯವರನ್ನು ಅದೇ ಜಾಗಕ್ಕೆ ತಂದು ಕೆಲಸ ಮಾಡಬಹುದು. ನಿಧಾನ ಆಗುತ್ತೆ, ಆಗಲ್ಲ ಅಂತಿಲ್ಲ.

ನೂಲಿನ ಎಳೆ:

ತಿಂಡಿ ವಿಷಯ ಬಿಟ್ಟುಹೋಯ್ತು. ಸಯ್ಯಾಜಿರಾವ್ ರಸ್ತೆಯಲ್ಲೇ ಗುರು ಸ್ವೀಟ್ಸ್ ಇದೆ. ಮೈಸೂರು ಪಾಕ್ ಮೊದಲು ಮಾಡಿದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಬಿಸಿ ಇದ್ದಾಗ ಒಂದು ತುಂಡು ಅಲ್ಲೇ ನಿಂತು ತಿನ್ನಿ, ಆಮೇಲೆ ಕಟ್ಟಿಸಿಕೊಳ್ಳಿ.

ಭಾನುವಾರ ಬಂದರೆ ಇನ್ನೂ ಒಳ್ಳೇದು. ಸಂಜೆ ಏಳಕ್ಕೆ ಅರಮನೆ ದೀಪ ಹಾಕ್ತಾರೆ, ಸುಮಾರು ಒಂದು ಲಕ್ಷ ಬಲ್ಬು. ಅಮ್ಮನಿಗೆ ಅರಮನೆ ಒಳಗೆ ಹೋಗೋದು ಬೇಡದಿದ್ದರೂ ಇದನ್ನು ನೋಡೋಕೆ ಮೆಟ್ಟಿಲು ಹತ್ತಬೇಕಿಲ್ಲ. ದಸರಾ ಸಮಯಕ್ಕೆ ಮಾತ್ರ ಬರಬೇಡಿ. ಜಂಬೂಸವಾರಿ ಇದೇ ವೃತ್ತ ಸುತ್ತಿ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗೋದು. ನೋಡೋಕೆ ಎರಡು ಕಣ್ಣು ಸಾಲದು, ಆದರೆ ಮಂಡಿನೋವಿನವರಿಗೆ ಆ ಜನಸಂದಣಿ ಆಗಲ್ಲ.

ತುಂಗಭದ್ರೆ ಕಡೆಯವಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೋಗಿ ಬಂದೆವು! ಭಾನುವಾರವೇ ಹೋದೆವು. ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡಿಕೊಳ್ಳಬೇಡಿ.

ಚೀಟಿಯನ್ನು ಅಮ್ಮ ರೈಲಿನಲ್ಲೇ ಬರೆದರು. ಮಲ್ಲಿಗೆ, ಎಲೆ, ಕುಂಕುಮ, ರಸಬಾಳೆ. ಕೊನೆಗೆ ಈರನಗೆರೆ ಬದನೆಕಾಯಿ. "ಬದನೆಕಾಯಿ ಹೊತ್ತುಕೊಂಡು ದಾವಣಗೆರೆಗೆ ಹೋಗ್ಬೇಕಾ?" ಅಂದೆ. "ಎಣ್ಣೆಗಾಯಿ ಮಾಡಿದಾಗ ತಿಂತೀಯಲ್ಲ, ಆಗ ಮಾತಾಡು" ಅಂದರು.

ಎಂಟಕ್ಕೆ ಮುಂಚೆಯೇ ಚಿಕ್ಕ ಗಡಿಯಾರದ ಹತ್ತಿರ ಇಳಿದೆವು. ಅಮ್ಮ ಮೇಲೆ ನೋಡಿದರು, ಸುತ್ತ ನೋಡಿದರು. "ವಾಸನೆ ಇದೇ. ಗಡಿಯಾರ ಇದಲ್ಲ" ಅಂದುಬಿಟ್ಟರು.

ಹೂವಿನ ಸಾಲಲ್ಲಿ ಅರ್ಧ ಗಂಟೆ ಆಯಿತು. ಅಲ್ಲೊಬ್ಬರು ಅಮ್ಮನಷ್ಟೇ ವಯಸ್ಸಿನವರು ಮೊಗ್ಗು ಕಟ್ಟುತ್ತಾ ಕೂತಿದ್ದರು. ಬಾಳೆ ನಾರನ್ನು ನೀರಿನ ಬಟ್ಟಲಲ್ಲಿ ನೆನೆಹಾಕಿಕೊಂಡಿದ್ದರು. ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು ಮೊಗ್ಗು, ಒಂದು ಸುತ್ತು, ಒಂದು ಎಳೆತ. ಕೈ ನೋಡ್ತಾನೇ ಇರಲಿಲ್ಲ, ಪಕ್ಕದವರ ಹತ್ತಿರ ಮಾತಾಡ್ತಿದ್ದರು. ಅಮ್ಮ "ಒಂದು ಮಾರು ಕೊಡಮ್ಮ" ಅಂದಾಗ ಅವರು ಎದ್ದು ನಿಂತು ಎರಡೂ ಕೈ ಅಗಲಿಸಿ ಅಳೆದರು. ಆಮೇಲೆ ಅಮ್ಮನ ಮುಖ ನೋಡಿ ಇನ್ನೊಂದು ಗೇಣು ಬಿಟ್ಟು ಕತ್ತರಿಸಿದರು. ಅಮ್ಮ ಚೌಕಾಸಿ ಮಾಡಲೇ ಇಲ್ಲ. ನಮ್ಮಮ್ಮ ಚೌಕಾಸಿ ಮಾಡದೆ ಏನಾದರೂ ತಗೊಂಡಿದ್ದು ನಾನು ನೋಡಿದ್ದು ಇದೇ ಮೊದಲು.

ಶಿವರಾಂಪೇಟೆ ಅವರು ಹೇಳಿದ ಹಾಗೇ ಆಯಿತು. ಹೂವಿನವರು ಎಲೆ ಅಂಗಡಿ ತೋರಿಸಿದರು. ಎಲೆಯವರು ತಾವಾಗಿ ಕಟ್ಟು ಬಿಚ್ಚಿ ಮಧ್ಯದ ಎಲೆ ತೋರಿಸಿದರು. ರಸಬಾಳೆ ಸಾಲಲ್ಲಿ ಒಬ್ಬರು ನಿಜ ಹೇಳಿದರು, "ಇವತ್ತು ಬಂದಿಲ್ಲಮ್ಮ, ಇದು ಬೇರೆ ಹಣ್ಣು, ರಸಬಾಳೆ ಅಂತ ಹೇಳಿ ಕೊಡಲ್ಲ" ಅಂತ. ಗಿಡಕ್ಕೆ ಸೊರಗು ರೋಗ ಬಂದು ಬೆಳೆಯೋರು ಕಮ್ಮಿಯಾಗಿದ್ದಾರಂತೆ. ಎರಡು ಅಂಗಡಿ ಆಚೆ ಸಿಕ್ಕಿತು, ಆರೇ ಆರು ಹಣ್ಣು. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದ ಮೇಲೆ ತಿನ್ನಿ ಅಂದರು. ಬದನೆಕಾಯಿಯೂ ಸಿಕ್ಕಿತು!

ತಾತನ ತಕ್ಕಡಿ ಅವರೇ, ಕೆಲವು ಕಡೆ ಚಾವಣಿ ನೋಡಿ ನನಗೂ ಹೆದರಿಕೆ ಆಯಿತು. ಅದರ ಕೆಳಗೇ ಅವರೆಲ್ಲ ಏನೂ ಆಗದ ಹಾಗೆ ತೂಗಿ ಕೊಡ್ತಿದ್ದರು. ನಿಮ್ಮ ಚಿಕ್ಕಪ್ಪನ ಮಾತು ನೆನಪಾಯಿತು.

ಮಧ್ಯಾಹ್ನ ಅಮ್ಮ ವಿಶ್ರಾಂತಿ ತಗೊಂಡರು. ಸಂಜೆ ಬಿಸಿಲಿಳಿದ ಮೇಲೆ ಕೆ.ಆರ್. ವೃತ್ತ ನೋಡಿಕೊಂಡು ನಿಧಾನಕ್ಕೆ ದೊಡ್ಡ ಗಡಿಯಾರದ ಕಡೆ ನಡೆದೆವು. ದೂರದಿಂದಲೇ ಅಮ್ಮ ನನ್ನ ಕೈ ಬಿಟ್ಟರು. ಕೆಳಗೆ ನಿಂತು ಒಂದೊಂದೇ ಅಂಕಿಯನ್ನು ಬೆರಳಲ್ಲಿ ತೋರಿಸಿ ಓದಿದರು. "ಇದೇ. ಇಲ್ಲೇ ನಿಂತಿದ್ದೆ. ಆದರೆ ಹೂವಿನ ವಾಸನೆ ಇಲ್ಲಿಲ್ವಲ್ಲೇ?" ಅಂದರು. ಹೂವು ಅವರ ತಲೆಯಲ್ಲೇ ಇತ್ತು, ಅದು ಬೇರೆ ಮಾತು.

ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ದೊಡ್ಡ ಗಡಿಯಾರದ ಹತ್ತಿರವೇ ನಿಲ್ಲಿಸಿದ್ದೆ. ಹೂವು ಇಲ್ಲೇ ಪಕ್ಕದಲ್ಲಿ ಸಿಗುತ್ತೆ ಅಂದುಕೊಂಡಿದ್ದೆ. ಕೇಳ್ಕೊಂಡು ಕೇಳ್ಕೊಂಡು ಮಾರ್ಕೆಟ್ಟಿಗೆ ಹೋದೆ, ಬರೋವಾಗ ಇನ್ನೊಂದು ಗಡಿಯಾರದ ಹತ್ತಿರ ಹೋಗಿ ಹುಡುಕಿದೆ. ಅರ್ಧ ಗಂಟೆ ಕಾಯಿಸಿದೆ ಪಾಪ."

ಅಮ್ಮ ಫೋನ್ ತಮ್ಮ ಹತ್ತಿರ ಎಳೆದುಕೊಂಡು ಅಂದರು, "ಅರ್ಧ ಗಂಟೆ ಅಲ್ಲ, ಮುಕ್ಕಾಲು ಗಂಟೆ. ನಾನು ಗಡಿಯಾರಾನೇ ನೋಡ್ತಿದ್ದೆ."

ಈಗ ಒಂದು ಪ್ರಶ್ನೆ. ಎಲೆ ಇನ್ನೂ ಅರ್ಧ ಕಟ್ಟು ಉಳಿದಿದೆ. ಎಷ್ಟು ದಿನ ಇಡಬಹುದು?

ಶಿವರಾಂಪೇಟೆ ಹುಡುಗ:

ಗಡಿಯಾರದ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯಿತು, ವೀಳ್ಯದೆಲೆ ಅವರದ್ದೇ ಸರಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಅಕ್ಕಾ.

ವೀಳ್ಯದೆಲೆ:

ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ನೀರು ತೊಟ್ಟಿಕ್ಕಬಾರದು. ದಿನಾ ಬಿಚ್ಚಿ ನೋಡಿ. ಕಪ್ಪಾದ ಎಲೆ ಕಂಡರೆ ಆಗಲೇ ತೆಗೆದುಬಿಡಿ, ಇಲ್ಲದಿದ್ದರೆ ಪಕ್ಕದ್ದೂ ಹೋಗುತ್ತೆ. ಒಂದು ವಾರಕ್ಕೆ ಮೋಸ ಇಲ್ಲ. ಎಣ್ಣೆಗಾಯಿ ಹೇಗಿತ್ತು ಅಂತ ಬರೀಲೇ ಇಲ್ವಲ್ಲ?